ಯಾರಿಗೆ, ಯಾರಿಂದ

ಮೊದಲು ಇಂಕ್‌ಪ್ಯಾಡುಗಳನ್ನು ಎಬ್ಬಿಸಬೇಕು.
ವರ್ಷವಿಡೀ ಡಬ್ಬಿಯೊಳಗೆ ನಿದ್ದೆ ಹೊಡೆದ ಹಸಿರು
ಒಣಗಿ ಬಿರುಕುಬಿಟ್ಟಿದೆ, ಬಣ್ಣ ಬಿಡಲೊಲ್ಲದು.
ಎರಡು ಹನಿ ಗ್ಲಿಸರಿನ್, ಬೆರಳ ತುದಿಯ ಒಂದಿಷ್ಟು ಒತ್ತಾಯ,
ಆಮೇಲೆ ದಾರಿಗೆ ಬರುತ್ತದೆ.
ಕೆಂಪಿಗೆ ಇಂಥ ಬಿಂಕವಿಲ್ಲ.

ಲೂನನ್‌ಬರ್ಗಿನ ಬಂದರಿನಲ್ಲಿ ಇವತ್ತು ಎಂಥ ಮಂಜೆಂದರೆ
ದೋಣಿಗಳೆಲ್ಲ ಬರೀ ಸದ್ದು.
ಅಡುಗೆಮನೆಯ ಮೇಜಿಗೆ ಹಳೆಯ ಪೇಪರು ಹಾಸಿ
ನಾನು, ಪಕ್ಕದ ಮನೆಯ ಟೆಗನ್, ವಯಸ್ಸು ಎಂಟು,
ಕಾರ್ಖಾನೆ ತೆರೆದಿದ್ದೇವೆ.
ಸೀಸೆಯ ಬಿರಡೆ ಕೆಂಪಲ್ಲಿ ಅದ್ದಿ ಒತ್ತಿದರೆ ಹಣ್ಣು.
ರಬ್ಬರಿನಲ್ಲಿ ಕೊರೆದ ಫರ್ ಮರ, ತುಸು ಎಡಕ್ಕೆ ವಾಲಿದ್ದು.
ಸ್ಕ್ಯಾಲಪ್ ಚಿಪ್ಪೊಂದು, ಅದರ ಗೆರೆಗೆರೆಯೂ ಮೂಡಬೇಕೆಂದರೆ
ಮಸಿ ಕಡಿಮೆ, ತಾಳ್ಮೆ ಜಾಸ್ತಿ.
ಅರ್ಧ ಆಲೂಗಡ್ಡೆ ನಕ್ಷತ್ರವಾಗಬೇಕಿತ್ತು,
ಟೆಗನ್ ಕೈಯಲ್ಲಿ ನಕ್ಷತ್ರಮೀನಾಯಿತು.
ಇರಲಿ, ಈ ಊರಿಗೆ ಅದೇ ಹತ್ತಿರದ ನೆಂಟ.
ಉಳಿದರ್ಧಕ್ಕೆ ತನ್ನ ಹೆಸರು ಕೊರೆದಳು, ನೆಟ್ಟಗೆ;
ಕಾಗದದ ಮೇಲೆ ಅದು ಬೆನ್ನು ತಿರುಗಿಸಿ ನಿಂತಿತು.

ಮೂವತ್ತೊಂದು ವರ್ಷ ಅಂಚೆ ಕಚೇರಿಯಲ್ಲಿ
ತಾರೀಖಿನ ಮುದ್ರೆ ಗುದ್ದಿದ ಮಣಿಕಟ್ಟು ನನ್ನದು.
ಠಪ್. ಬೆಕ್ಕು ಕಿಟಕಿಗೆ ಹಾರಿತು.
‘ಮೆಲ್ಲಗೆ ವರ್ನಾ, ಮರ ಚಪ್ಪಟೆಯಾಗ್ತಿದೆ.’

ರಟ್ಟು ಮಾತ್ರ ನಾನು ದುಡ್ಡು ಕೊಟ್ಟು ತರುವವಳಲ್ಲ.
ಹೋದ ಕ್ರಿಸ್‌ಮಸ್ಸಿಗೆ ಬಂದ ಕಾರ್ಡುಗಳನ್ನೇ ಕತ್ತರಿಸುವುದು:
ಒಂದು ಹಾಳೆಗೆ ಎಂಟು ಚೀಟಿ, ಮೂಲೆ ಸವರಿ,
ಮೇಲೊಂದು ತೂತು,
ಖಾಲಿ ಬೆನ್ನಿಗೆ ಮರ, ಹಣ್ಣು, ಚಿಪ್ಪು, ಮೀನು,
ಅದರ ಕೆಳಗೆ ಎರಡು ಗೆರೆ:
ಯಾರಿಗೆ. ಯಾರಿಂದ.

ಮಸಿ ಆರಲೆಂದು ಹರಡುವಾಗ
ಟೆಗನ್ ಒಂದನ್ನು ಮಗುಚಿ ಓದಿದಳು:
‘ಭರಣಿ ನಿನ್ನಲ್ಲೇ’

ಹಿಲ್ಡ್ರೆಡ್‌ಳ ಅಕ್ಷರ. ‘ಭ’ದ ಹೊಟ್ಟೆ ಅಷ್ಟು ದೊಡ್ಡದು
ನಮ್ಮ ಮನೆಯಲ್ಲಿ ಬೇರಾರಿಗೂ ಬರುವುದಿಲ್ಲ.
ಅಮ್ಮನ ಕಲ್ಲುಭರಣಿಗಾಗಿ ಕಿತ್ತಾಡಿ ಮಾತು ಬಿಟ್ಟ ತಂಗಿ,
ಹನ್ನೊಂದು ಕಿಲೋಮೀಟರ್ ಆಚೆ, ಮಹೋನ್ ಬೇಯಲ್ಲಿ.
ಹೋದ ವರ್ಷ ಲಕೋಟೆ ಬಿಚ್ಚಿದ್ದೆ,
ಕಾರ್ಡು ಬಿಚ್ಚಿರಲಿಲ್ಲ.
ಊರವರ ಕಾಗದವನ್ನೆಲ್ಲ ತಪ್ಪದೆ ಮುಟ್ಟಿಸಿದವಳು ನಾನು.

ಎಂಟು ಚೀಟಿಗಳನ್ನೂ ಮಗುಚಿದೆವು. ಹಸಿ ಮರಗಳು
ಪೇಪರಿಗೆ ಅಂಟಿ ಮಸುಕಾದವು, ಆಗಲಿ ಅಂದೆ.
ಜೋಡಿಸಿದೆವು: ‘ವರ್ನಾ, ಭರಣಿ ನಿನ್ನಲ್ಲೇ ಇರಲಿ.
ನನಗೆ ನಿನ್ನ ಮೇಲೆ ಸಿಟ್ಟು’

‘ಸಿಟ್ಟು, ಆಮೇಲೆ ತೂತು’ ಎಂದಳು ಟೆಗನ್.

ತೂತು ಕೊರೆಯುವ ಯಂತ್ರದ ಹೊಟ್ಟೆ ಬಿಚ್ಚಿ ಸುರಿದೆವು.
ಇನ್ನೂರು ಪುಟ್ಟ ಬಿಲ್ಲೆ: ಚಿನ್ನದ ಗಂಟೆಯ ಚೂರು,
ಯಾರದೋ ಕುರಿಯ ಕಣ್ಣು,
ನೀಲಿ ಬಾಲದ ಹತ್ತೋ ಹನ್ನೆರಡೋ.
ಭೂತಗನ್ನಡಿ ಹಿಡಿದು ಕೂತಳು, ಪಾಪ, ಸಂಜೆತನಕ.
‘ಇದೆ’ಯೂ ಅಲ್ಲ, ‘ಇಲ್ಲ’ವೂ ಅಲ್ಲ,
ಒಂದು ಕೊಂಬು, ಒಂದು ಸೊನ್ನೆ, ಒಂದು ಒತ್ತಕ್ಷರದ ಕಾಲು.
ಬಾಗಿಲು ತೆರೆದು ಅವಳಮ್ಮ ಕರೆದಾಗ ಗಾಳಿ ನುಗ್ಗಿ
ಅರ್ಧ ಬಿಲ್ಲೆಗಳು ಒಲೆಯ ಅಡಿಗೆ ಹೋದವು.
‘ಫೋನ್ ಮಾಡಿ ಕೇಳು’ ಎಂದು ಹೇಳಿ ಬೂಟು ಹಾಕಿಕೊಂಡಳು.

ಕೇಳಬಹುದಿತ್ತು.

ಬದಲಿಗೆ, ಈ ಸಲದ ಹುಳಿ ಎಲೆಕೋಸು ತುಂಬಿದ
ಭರಣಿಯನ್ನೇ ಉಗ್ರಾಣದಿಂದ ಎತ್ತಿ ತಂದೆ.
ಸೊಂಟ ಕಿರುಗುಟ್ಟಿತು.
ಆ ಚೀಟಿಯನ್ನು ತೆಗೆದುಕೊಂಡು ‘ಯಾರಿಗೆ’ಯ ಮುಂದೆ ಅವಳ ಹೆಸರು,
‘ಯಾರಿಂದ’ದ ಮುಂದೆ ನನ್ನದು. ಬೇರೇನೂ ಬರೆಯಲಿಲ್ಲ.
ಕೆಂಪು ದಾರವನ್ನು ತೂತಿನೊಳಗಿಂದ ಹಾಯಿಸಿ
ಭರಣಿಯ ಕಿವಿಗೆ ಕಟ್ಟಿದೆ,
ಎರಡು ಗಂಟು.
ಬಿಚ್ಚುವಾಗ ಅವಳಿಗೂ ಸ್ವಲ್ಪ ಕಷ್ಟವಾಗಲಿ.